ಐವತ್ತು ಕೋಟಿ ಜನರ ಭಾಷೆಯಲ್ಲಿ ಹಾಡಿದರೂ ಯೂರೋವಿಷನ್ ಏಕೆ ಒಲಿಯುತ್ತಿಲ್ಲ?

ಪ್ರಶ್ನೆ: ನಾನು ಸ್ಪ್ಯಾನಿಷ್ ಕಲಿಯುತ್ತಿರುವ ವಿದ್ಯಾರ್ಥಿನಿ. ಕಲಿಕೆಗೆ ನೆರವಾಗಲೆಂದು, ಯುರೋಪಿನ ದೇಶಗಳು ವರ್ಷಕ್ಕೊಂದು ಹಾಡು ಕಳುಹಿಸುವ ಯೂರೋವಿಷನ್ ಗೀತಸ್ಪರ್ಧೆಗೆ ಸ್ಪೇನ್ ಕಳುಹಿಸಿದ ಹಾಡುಗಳನ್ನು ಕೇಳತೊಡಗಿದೆ. 2023ರ ‘ಎಯಾ ಎಯಾ’ ತುಂಬ ಹಿಡಿಸಿತು. ಆದರೆ ಸಾರ್ವಜನಿಕರ ಮತದಿಂದ ಅದಕ್ಕೆ ಸಿಕ್ಕಿದ್ದು ಐದೇ ಅಂಕ ಎಂದು ತಿಳಿದು ಬೇಸರವಾಯಿತು. ಜಗತ್ತಿನಲ್ಲಿ ಇಷ್ಟೊಂದು ಜನ ಆಡುವ ಭಾಷೆಯ ಹಾಡು 1969ರ ನಂತರ ಒಮ್ಮೆಯೂ ಗೆದ್ದಿಲ್ಲವೇಕೆ? ಇಂಗ್ಲಿಷಿನಲ್ಲಿ ಹಾಡಿದ್ದರೆ ಗೆಲ್ಲುತ್ತಿದ್ದರೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಸ್ಪೇನ್ ತಾನೇ ಪ್ರಯೋಗ ಮಾಡಿ ಉತ್ತರ ಕಂಡುಕೊಂಡಿದೆ. 2016ರಲ್ಲಿ ಬರೇಯ್ ಎಂಬ ಗಾಯಕಿ ಪೂರ್ತಿ ಇಂಗ್ಲಿಷಿನಲ್ಲಿ ಹಾಡಿದರು. ಸ್ಪೇನಿನ ಹಾಡೊಂದರಲ್ಲಿ ಸ್ಪ್ಯಾನಿಷ್ ಸಾಲೇ ಇಲ್ಲದಿದ್ದದ್ದು ಅದೇ ಮೊದಲು. ಬಂದ ಸ್ಥಾನ 22. ಮರುವರ್ಷ ಮನೆಲ್ ನವಾರೊ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಬೆರೆಸಿ ಹಾಡಿ, ಒಟ್ಟು 5 ಅಂಕಗಳೊಂದಿಗೆ ಕೊನೆಯ ಸ್ಥಾನಕ್ಕೆ ಇಳಿದರು. ಅದೇ ರಾತ್ರಿ, ಕೀವ್ ನಗರದ ಅದೇ ವೇದಿಕೆಯಲ್ಲಿ, ನೆರೆಯ ಪೋರ್ಚುಗಲ್ಲಿನ ಸಾಲ್ವಡೋರ್ ಸೊಬ್ರಾಲ್ ಒಂದೇ ಒಂದು ಇಂಗ್ಲಿಷ್ ಪದವಿಲ್ಲದ, ಕುಣಿತವಿಲ್ಲದ, ಮೆಲುದನಿಯ ಪೋರ್ಚುಗೀಸ್ ಹಾಡಿನಿಂದ 758 ಅಂಕ ಗಳಿಸಿ ಗೆದ್ದರು. ಸ್ಪ್ಯಾನಿಷಿಗೆ ಹೋಲಿಸಿದರೆ ಪೋರ್ಚುಗೀಸ್ ಬಲ್ಲ ಯುರೋಪಿಯನ್ನರು ಇನ್ನೂ ಕಡಿಮೆ. ಮುಂದೆ 2021ರಲ್ಲಿ ಇಟಾಲಿಯನ್ ಹಾಡು, 2022ರಲ್ಲಿ ಉಕ್ರೇನಿಯನ್ ಹಾಡು ಗೆದ್ದವು. 2023ರಲ್ಲಿ ಸಾರ್ವಜನಿಕ ಮತಗಳಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಫಿನ್ನಿಷ್ ಭಾಷೆಯ ಹಾಡು. ಹೀಗಿರುವಾಗ ಭಾಷೆ ಅರ್ಥವಾಗದ್ದರಿಂದಲೇ ಸ್ಪೇನ್ ಸೋಲುತ್ತಿದೆ ಎಂಬ ವಾದ ನಿಲ್ಲುವುದಿಲ್ಲ.

ಆದರೆ ಐವತ್ತು ಕೋಟಿಯಷ್ಟು ಜನರ ಭಾಷೆಗೆ ಅದರ ಸಂಖ್ಯಾಬಲವಾದರೂ ಒದಗಬೇಕಿತ್ತಲ್ಲ ಎಂದು ನೀವು ಕೇಳುವುದು ಸಹಜ. ಆ ಬಲ ಇರುವುದು ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ. ಸ್ಪ್ಯಾನಿಷ್ ತಾಯ್ನುಡಿಯವರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಸ್ಪೇನಿನಲ್ಲಿದ್ದಾರೆ. ಉಳಿದವರು ಮೆಕ್ಸಿಕೊ, ಕೊಲಂಬಿಯಾ, ಅರ್ಜೆಂಟೀನಾ, ಪೆರು, ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿದ್ದಾರೆ. ಈ ದೇಶಗಳಾವುವೂ ಯೂರೋವಿಷನ್ನಿನಲ್ಲಿ ಇಲ್ಲ. 2023ರಿಂದ ಸ್ಪರ್ಧೆಯ ಹೊರಗಿನ ದೇಶಗಳ ವೀಕ್ಷಕರಿಗೂ ಅಂತರ್ಜಾಲದ ಮೂಲಕ ಮತ ಹಾಕುವ ಅವಕಾಶ ದೊರೆತಿದೆ, ನಿಜ. ಆದರೆ ಜಗತ್ತಿನ ಆ ಎಲ್ಲ ಮತಗಳನ್ನೂ ಒಟ್ಟುಗೂಡಿಸಿ ಒಂದೇ ಒಂದು ದೇಶದ ಮತದಷ್ಟೇ ತೂಕ ಕೊಡುತ್ತಾರೆ. ಇನ್ನು ಸ್ಪೇನಿನ ಜನ ತಮ್ಮ ದೇಶದ ಹಾಡಿಗೆ ಮತ ಹಾಕುವಂತಿಲ್ಲ, ಅದು ಎಲ್ಲರಿಗೂ ಅನ್ವಯಿಸುವ ನಿಯಮ. ಕೊನೆಗೆ ಉಳಿಯುವುದೇನು? ಸ್ಪ್ಯಾನಿಷ್ ಆಡಳಿತ ಭಾಷೆಯಾಗಿರುವ ಇನ್ನೊಂದು ದೇಶವೂ ಮತದಾರರ ಪಟ್ಟಿಯಲ್ಲಿಲ್ಲ. ಗ್ರೀಸ್ ಹಾಡಿದಾಗ ಸೈಪ್ರಸ್‌ಗೆ ಅರ್ಥವಾಗುತ್ತದೆ, ಜರ್ಮನ್ ಹಾಡು ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡಿಗೆ ಅರ್ಥವಾಗುತ್ತದೆ. ಜಗತ್ತಿನ ಅತಿ ದೊಡ್ಡ ಭಾಷೆಗಳಲ್ಲಿ ಒಂದಾದ ಸ್ಪ್ಯಾನಿಷ್ ಈ ಸಭೆಯೊಳಗೆ ಮಾತ್ರ ಒಂಟಿ ಭಾಷೆ.

ಇದಕ್ಕೆ ಹಳೆಯದೊಂದು ಪುರಾವೆ ಇದೆ. 1973ರಲ್ಲಿ ಲಕ್ಸೆಂಬರ್ಗಿನಲ್ಲಿ ಮೊಸೆದಾದೆಸ್ ಎಂಬ ಬಿಲ್ಬಾವೊ ನಗರದ ತಂಡ ಹಾಡಿದ ‘ಎರೆಸ್ ತೂ’ 125 ಅಂಕ ಗಳಿಸಿ, ಕೇವಲ ನಾಲ್ಕು ಅಂಕಗಳಿಂದ ಗೆಲುವು ತಪ್ಪಿಸಿಕೊಂಡಿತು. ಹುವಾನ್ ಕಾರ್ಲೋಸ್ ಕಾಲ್ದೆರೋನ್ ಅವರ ರಚನೆ ಅದು. ಅಮಾಯಾ ಉರಾಂಗಾ ಅವರ ಒಂಟಿ ದನಿಯಲ್ಲಿ ಬಲು ಮೆಲ್ಲಗೆ ಆರಂಭವಾಗುವ ಹಾಡಿಗೆ ಉಳಿದ ದನಿಗಳು ಸೇರುತ್ತ ಹೋಗಿ, ಕೊನೆಗೆ ಅದು ಪೂರ್ಣ ಮೇಳವಾಗಿ ಎದ್ದು ನಿಲ್ಲುತ್ತದೆ. ಮರುವರ್ಷ ಆ ಹಾಡು, ಸ್ಪ್ಯಾನಿಷಿನಲ್ಲಿಯೇ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ನೂರರ ಪಟ್ಟಿಯಲ್ಲಿ 9ನೇ ಸ್ಥಾನಕ್ಕೇರಿತು. ಧ್ವನಿಮುದ್ರಿಕೆಯ ಹಿಂಬದಿಯಲ್ಲಿ ಅದರ ಇಂಗ್ಲಿಷ್ ರೂಪವೂ ಇತ್ತು, ಆದರೂ ಜನ ಮೆಚ್ಚಿಕೊಂಡದ್ದು ಸ್ಪ್ಯಾನಿಷ್ ರೂಪವನ್ನೇ. ಗೆದ್ದ ಲಕ್ಸೆಂಬರ್ಗಿನ ಹಾಡಿಗಿಂತ ಎರಡನೆಯ ಸ್ಥಾನದ ಈ ಹಾಡಿನ ಆಯುಷ್ಯವೇ ದೀರ್ಘವಾಯಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಈಗ ‘ಎಯಾ ಎಯಾ’ಗೆ ಬರೋಣ. ಲಿವರ್‌ಪೂಲ್‌ನಲ್ಲಿ ಬ್ಲಾಂಕಾ ಪಲೋಮಾ ಹಾಡಿದ ಈ ಗೀತೆಗೆ ಒಟ್ಟು 100 ಅಂಕ ಬಂತು, ಸ್ಥಾನ 17. ಅದರಲ್ಲಿ 95 ಅಂಕ ತೀರ್ಪುಗಾರರದು, 5 ಮಾತ್ರ ಸಾರ್ವಜನಿಕರದು. ಐದು ಅಂಕವೆಂದರೆ ಯುರೋಪಿನಲ್ಲಿ ಹಾಡು ಯಾರಿಗೂ ಹಿಡಿಸಲಿಲ್ಲ ಎಂದು ನೀವು ತಿಳಿದಂತಿದೆ. ಅಂಕ ಕೊಡುವ ಕ್ರಮವನ್ನು ಗಮನಿಸಿದರೆ ಆ ಬೇಸರ ಸ್ವಲ್ಪ ಕಡಿಮೆಯಾದೀತು. ಪ್ರತಿ ದೇಶದ ಸಾರ್ವಜನಿಕ ಮತಗಳನ್ನು ಎಣಿಸಿ, ಮೊದಲ ಹತ್ತು ಹಾಡುಗಳಿಗೆ ಮಾತ್ರ 12, 10, 8, 7 ಹೀಗೆ 1ರವರೆಗೆ ಅಂಕ ಕೊಡುತ್ತಾರೆ. ಹನ್ನೊಂದನೆಯ ಹಾಡಿಗೂ ಇಪ್ಪತ್ತಾರನೆಯ ಹಾಡಿಗೂ ಸಿಗುವುದು ಸೊನ್ನೆಯೇ. ಹೀಗಾಗಿ ಎಲ್ಲ ದೇಶಗಳಲ್ಲಿಯೂ ಹನ್ನೆರಡನೆಯದೋ ಹದಿಮೂರನೆಯದೋ ಆಗಿ, ಸಾವಿರಾರು ಜನರ ಮೆಚ್ಚುಗೆ ಪಡೆದ ಹಾಡು ಕೊನೆಗೆ ಬರಿಗೈಯಲ್ಲಿ ನಿಲ್ಲುವುದು ಸಾಧ್ಯ. ಇದರ ಜೊತೆಗೆ ಒಬ್ಬ ವೀಕ್ಷಕ 20 ಬಾರಿಯವರೆಗೆ ಮತ ಹಾಕಬಹುದಾಗಿತ್ತು. ಇಂಥ ಏರ್ಪಾಡಿನಲ್ಲಿ ಫಲ ಸಿಗುವುದು ಹಲವರ ಹದವಾದ ಮೆಚ್ಚುಗೆಗಿಂತ ಕೆಲವರ ಉತ್ಕಟವಾದ ಒಲವಿಗೆ. ಪ್ರತಿ ದೇಶದ ತೀರ್ಪುಗಾರರ ಮಂಡಳಿಯಲ್ಲಾದರೆ, ಆಗ ಸಂಗೀತವನ್ನೇ ವೃತ್ತಿಯಾಗಿಸಿಕೊಂಡ ಐವರು ಎಲ್ಲ ಹಾಡುಗಳನ್ನೂ ಕೇಳಿ ಒಂದರಿಂದ ಕೊನೆಯವರೆಗೆ ಕ್ರಮಾಂಕ ಕೊಡಲೇಬೇಕಿತ್ತು. ಹಾಡುಗಾರಿಕೆಯ ಗಟ್ಟಿತನಕ್ಕೆ ಅಲ್ಲಿ ಬೆಲೆ ಸಿಗುತ್ತದೆ. ಬ್ಲಾಂಕಾ ಪಲೋಮಾ ಅವರಿಗೆ ಸಿಕ್ಕಿತು ಕೂಡ.

ಆದರೂ ಲೆಕ್ಕಾಚಾರವೊಂದರಿಂದಲೇ ಎಲ್ಲವೂ ವಿವರಣೆಗೆ ಸಿಗುವುದಿಲ್ಲ, ಹಾಡಿನ ಒಳಗೇ ಒಂದು ಕಾರಣವಿದೆ. ‘ಎಯಾ ಎಯಾ’ ಒಂದು ಜೋಗುಳ. ಎಲ್ಚೆ ಊರಿನ ಬ್ಲಾಂಕಾ ಪಲೋಮಾ ಅದನ್ನು ತಮ್ಮ ಅಜ್ಜಿ ಕಾರ್ಮೆನ್ ಅವರಿಗೆ ಅರ್ಪಿಸಿದ್ದಾರೆ. ನಮ್ಮಲ್ಲಿ ‘ಜೋ ಜೋ’ ಎನ್ನುವಂತೆ ದಕ್ಷಿಣ ಸ್ಪೇನಿನ ಆಂಡಲೂಸಿಯಾದ ತಾಯಂದಿರು ಮಗುವನ್ನು ತಟ್ಟುತ್ತ ‘ಎಯಾ’ ಎನ್ನುತ್ತಾರೆ. ಈ ಜೋಗುಳವನ್ನು ಅವರು ಆ ಸೀಮೆಯ ಹಾಡು-ಕುಣಿತದ ಪರಂಪರೆಯಾದ ಫ್ಲಮೆಂಕೊದ ‘ಬುಲೆರಿಯಾ’ ಎಂಬ ಲಯದಲ್ಲಿ ಕೂಡಿಸಿದ್ದಾರೆ. ಬುಲೆರಿಯಾ ಎಂದರೆ ಹನ್ನೆರಡು ಎಣಿಕೆಯ, ವೇಗದ ಆವರ್ತ. ಅದರಲ್ಲಿ ಒತ್ತು ಬೀಳುವ ಜಾಗಗಳು ಸಮದೂರದಲ್ಲಿಲ್ಲ: ಮೊದಲು ಮೂರು ಮೂರರ ಅಂತರದಲ್ಲಿ ಎರಡು ಹೆಜ್ಜೆ, ನಂತರ ಎರಡೆರಡರ ಅಂತರದಲ್ಲಿ ಮೂರು ಹೆಜ್ಜೆ. ಆವರ್ತದ ಎಣಿಕೆ ಶುರುವಾಗುವುದೂ ಒಂದರಿಂದಲ್ಲ, ಹನ್ನೆರಡರಿಂದ. ತಾಳ ಹಾಕಿ ಸಂಗೀತ ಕಲಿತ ನಮ್ಮಲ್ಲಿನ ಕೇಳುಗರಿಗೆ ಇದು ಅಷ್ಟೇನೂ ವಿಚಿತ್ರವೆನಿಸದು. ಖಂಡ, ಮಿಶ್ರ ಗತಿಗಳ ಪರಿಚಯವಿರುವ ಕಿವಿ ಇಂಥ ಒತ್ತುಗಳನ್ನು ಬೇಗ ಹಿಡಿದುಕೊಳ್ಳುತ್ತದೆ. ಆದರೆ ನಾಲ್ಕರ ನಡೆಯ ಪಾಪ್ ಸಂಗೀತದಲ್ಲಿ ಬೆಳೆದ ನಾರ್ವೆ ಅಥವಾ ಪೋಲೆಂಡಿನ ವೀಕ್ಷಕ, ಮೂರು ನಿಮಿಷದ ಹಾಡನ್ನು ಮೊದಲ ಸಲ ಕೇಳುವಾಗ, ಎಲ್ಲಿ ಚಪ್ಪಾಳೆ ತಟ್ಟಬೇಕೆಂಬುದನ್ನು ಕಂಡುಕೊಳ್ಳುವಷ್ಟರಲ್ಲಿ ಹಾಡು ಮುಗಿದುಹೋಗಿರುತ್ತದೆ. ಸಭಾಂಗಣದಲ್ಲಿ ಸಾವಿರಾರು ಜನ ಒಟ್ಟಾಗಿ ತಟ್ಟುವ ಚಪ್ಪಾಳೆಗೆ ಯೂರೋವಿಷನ್ನಿನಲ್ಲಿ ಎಷ್ಟು ಮಹತ್ವವಿದೆ ಎಂಬುದನ್ನು ಆ ಕಾರ್ಯಕ್ರಮ ನೋಡಿದವರೆಲ್ಲ ಬಲ್ಲರು.

ಸ್ವರದ ವಿಷಯದಲ್ಲಿಯೂ ಹಾಗೆಯೇ. ಫ್ಲಮೆಂಕೊದ ಮೂಲ ಸ್ವರಶ್ರೇಣಿ ಪಾಶ್ಚಾತ್ಯರು ಫ್ರಿಜಿಯನ್ ಎಂದು ಕರೆಯುವಂಥದ್ದು. ನಮ್ಮ ಮೇಳಕರ್ತ ಪದ್ಧತಿಯಲ್ಲಿ ಹೇಳುವುದಾದರೆ ಅದು ಹನುಮತೋಡಿಯ ಸ್ವರಗಳಿಗೆ ಸಮ, ಗಾಂಧಾರವನ್ನು ಏರಿಸಿದಾಗ ವಕುಳಾಭರಣದ ಸ್ವರಗಳಿಗೆ ಸಮ. ಷಡ್ಜಕ್ಕೆ ತೀರ ಹತ್ತಿರವಿರುವ ಆ ಶುದ್ಧ ರಿಷಭ, ಒಂದೇ ಅಕ್ಷರದ ಮೇಲೆ ಹಲವು ಸ್ವರಗಳಲ್ಲಿ ಸುಳಿದಾಡುವ ಕಂಠ, ಇವು ಯುರೋಪಿನ ಪಾಪ್ ಕೇಳುಗರಿಗೆ ‘ದೂರದ ಊರಿನದು’ ಎನಿಸುತ್ತವೆ. ನಿಮಗೆ ಈ ಹಾಡು ಮೊದಲ ಸಲಕ್ಕೇ ಹಿಡಿಸಿದ್ದರಲ್ಲಿ ನಿಮ್ಮ ಸ್ಪ್ಯಾನಿಷ್ ಕಲಿಕೆಯಷ್ಟೇ ಪಾಲು ನೀವು ಬೆಳೆದ ಸಂಗೀತದ್ದೂ ಇರಬಹುದು ಎಂದು ನನ್ನ ಎಣಿಕೆ. ನನ್ನ ಅಭಿಪ್ರಾಯ ಕೇಳಿದರೆ, ಕಳೆದ ಮೂರು ದಶಕಗಳಲ್ಲಿ ಸ್ಪೇನ್ ಕಳುಹಿಸಿದ ಹಾಡುಗಳಲ್ಲಿ ಇದಕ್ಕಿಂತ ಉತ್ತಮವಾದದ್ದಿಲ್ಲ. ರಂಗಸಜ್ಜಿಕೆಯಲ್ಲಿಯೂ ಅದರದೇ ಗಾಂಭೀರ್ಯವಿತ್ತು. ಬ್ಲಾಂಕಾ ಪಲೋಮಾ ವೃತ್ತಿಯಿಂದ ರಂಗವಿನ್ಯಾಸಕಿ, ವೇದಿಕೆಯ ಮೇಲೆ ಇಳಿಬಿಟ್ಟಿದ್ದ ಆ ಕೆಂಪು ಕುಚ್ಚುಗಳ ಆವರಣದಲ್ಲಿ ಆ ಕೈಚಳಕ ಕಾಣುತ್ತಿತ್ತು.

ಫ್ಲಮೆಂಕೊ ಈ ಸ್ಪರ್ಧೆಯಲ್ಲಿ ಎಡವಿದ್ದು ಇದೇ ಮೊದಲೂ ಅಲ್ಲ. 1983ರಲ್ಲಿ ಮ್ಯೂನಿಕ್‌ನಲ್ಲಿ ರೆಮೆದಿಯೋಸ್ ಅಮಾಯಾ ಬರಿಗಾಲಲ್ಲಿ ನಿಂತು, ರಾಕ್ ವಾದ್ಯಗಳ ಜೊತೆ ತಮ್ಮ ಒರಟು ಕಂಠದಲ್ಲಿ ಹಾಡಿದರು. ಒಂದು ಅಂಕವೂ ಬರಲಿಲ್ಲ. ಏಳು ವರ್ಷಗಳ ನಂತರ, 1990ರಲ್ಲಿ ಜಾಗ್ರೆಬ್‌ನಲ್ಲಿ, ಅಸೂಕಾರ್ ಮೊರೆನೊ ಎಂಬ ಸೋದರಿಯರ ಜೋಡಿ ಅದೇ ಫ್ಲಮೆಂಕೊ ದನಿಯನ್ನು ನಾಲ್ಕರ ನಡೆಯ ಡಿಸ್ಕೊ ಬಡಿತದ ಮೇಲೆ ಕೂರಿಸಿ ‘ಬಂದಿದೊ’ ಹಾಡಿದರು. ಆ ಸಂಜೆಯ ಮೊದಲ ಹಾಡು ಅವರದೇ. ಧ್ವನಿಮುದ್ರಿತ ಸಂಗೀತಕ್ಕೂ ವಾದ್ಯವೃಂದಕ್ಕೂ ಹೊಂದಾಣಿಕೆ ತಪ್ಪಿ, ಸೋದರಿಯರು ವೇದಿಕೆಯಿಂದ ಇಳಿದು ಹೋಗಿ, ಮತ್ತೆ ಬಂದು ಹಾಡಬೇಕಾಯಿತು. ಇಂಥ ಆರಂಭವಾಗಿಯೂ ಅವರು ಐದನೆಯ ಸ್ಥಾನ ಗಳಿಸಿದರು. ಭಾಷೆ ಎರಡು ಬಾರಿಯೂ ಸ್ಪ್ಯಾನಿಷ್, ಕಂಠದ ಸಂಸ್ಕಾರ ಎರಡು ಬಾರಿಯೂ ಫ್ಲಮೆಂಕೊ, ಬೇರೆಯಾದದ್ದು ಬಡಿತ. ಅಪರಿಚಿತ ಭಾಷೆಯ ಹಾಡಿನಲ್ಲಿ ಕೇಳುಗರ ಮೈಗೆ ಪರಿಚಿತವಾದ ಏನಾದರೊಂದು ಇರಬೇಕು ಎಂಬ ನನ್ನ ತಿಳುವಳಿಕೆಗೆ ಈ ಎರಡು ಉದಾಹರಣೆಗಳು ಸಾಕು.

2022ರಲ್ಲಿ ಟುರಿನ್‌ನಲ್ಲಿ ಚನೆಲ್ ತೆರೇರೊ ಹಾಡಿದ ‘ಸ್ಲೋಮೋ’ ಅದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿತು. ಹವಾನಾದಲ್ಲಿ ಹುಟ್ಟಿ ಕಟಲೋನಿಯಾದಲ್ಲಿ ಬೆಳೆದ ಈ ಕಲಾವಿದೆ ಐವರು ನರ್ತಕರೊಂದಿಗೆ, ಗೂಳಿಕಾಳಗದವರ ಮೇಲಂಗಿಯನ್ನು ನೆನಪಿಸುವ ಉಡುಪಿನಲ್ಲಿ, ಲ್ಯಾಟಿನ್ ಅಮೆರಿಕದ ಕುಣಿತದ ಬಡಿತಕ್ಕೆ ಹಾಡಿದರು. ಸ್ಪ್ಯಾನಿಷ್ ಸಾಲುಗಳ ನಡುವೆ ಇಂಗ್ಲಿಷ್ ಬೆರೆತಿತ್ತು, ಆದರೆ ಅದೇ ಮಿಶ್ರಣ 2017ರಲ್ಲಿ ಕೈಕೊಟ್ಟಿತ್ತು ಎಂಬುದನ್ನು ಮರೆಯಬಾರದು. ಇಲ್ಲಿ ಕೆಲಸ ಮಾಡಿದ್ದು ತಾಲೀಮು. ಸ್ಪರ್ಧೆಯ ನಿಯಮದ ಪ್ರಕಾರ ವೇದಿಕೆಯ ಮೇಲೆ ಆರು ಜನರಿಗಿಂತ ಹೆಚ್ಚು ಇರುವಂತಿಲ್ಲ, ಹಾಡು ಮೂರು ನಿಮಿಷ ಮೀರುವಂತಿಲ್ಲ, ಮುಖ್ಯ ಗಾಯನ ಅಲ್ಲಿಯೇ ಹಾಡಿದ್ದಾಗಿರಬೇಕು. ಕೊನೆಯ ಭಾಗದಲ್ಲಿ ಹಾಡು ನಿಂತು ನೃತ್ಯವೊಂದೇ ನಡೆಯುವ ಆ ಕೆಲವು ಕ್ಷಣಗಳ ನಂತರವೂ, ಉಸಿರು ಕಟ್ಟದೆ ಚನೆಲ್ ಮತ್ತೆ ಪಲ್ಲವಿಗೆ ಮರಳುವುದನ್ನು ಒಮ್ಮೆ ಗಮನವಿಟ್ಟು ನೋಡಿ. ತೀರ್ಪುಗಾರರಿಂದ 231, ಸಾರ್ವಜನಿಕರಿಂದ 228, ಒಟ್ಟು 459 ಅಂಕ, ಮೂರನೆಯ ಸ್ಥಾನ. 1995ರಲ್ಲಿ ಅನಾಬೆಲ್ ಕೊಂದೆ ಎರಡನೆಯವರಾದ ಬಳಿಕ ಸ್ಪೇನಿಗೆ ಇಷ್ಟು ಮೇಲಿನ ಸ್ಥಾನ ಬಂದಿರಲಿಲ್ಲ.

ಇದಕ್ಕೆ ಪ್ರತಿಯಾಗಿ, ಅರ್ಥವನ್ನೇ ನೆಚ್ಚಿಕೊಂಡ ಹಾಡಿಗೆ ಏನಾಗುತ್ತದೆ ಎಂಬುದಕ್ಕೆ 2024ರ ‘ಸೋರ್ರಾ’ ನಿದರ್ಶನ. ನೆಬುಲೋಸಾ ಎಂಬ ದಂಪತಿಗಳ ಜೋಡಿ, ಹೆಂಗಸರನ್ನು ಹೀಗಳೆಯಲು ಬಳಸುವ ಒಂದು ಬೈಗುಳವನ್ನೇ ಪಲ್ಲವಿಯಾಗಿಸಿಕೊಂಡು ಅದರ ಮೊನೆಯನ್ನು ಮುರಿಯಲು ಹೊರಟಿತ್ತು. ಸ್ಪೇನಿನಲ್ಲಿ ಸ್ತ್ರೀವಾದಿಗಳ ನಡುವೆಯೇ ದೊಡ್ಡ ಚರ್ಚೆಯಾಯಿತು, ಪ್ರಧಾನಿಯವರೂ ಮಾತಾಡಿದರು. ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ನಡೆದ ಆ ಸ್ಪರ್ಧೆಗೆ ಮತ ಹಾಕಿದ ಬಹುಪಾಲು ಜನರಿಗೆ ಆ ಬೈಗುಳದ ನೋವು ಗೊತ್ತಿರಲಿಲ್ಲ, ಆದ್ದರಿಂದ ಅದನ್ನು ಮೀರಿದ ಖುಷಿಯೂ ತಲುಪಲಿಲ್ಲ. 30 ಅಂಕ, 22ನೇ ಸ್ಥಾನ. ಭಾಷೆ ಅಡ್ಡಿಯಾದದ್ದು ಇಂಥ ಕಡೆ ಮಾತ್ರ ಎಂದು ನಾನು ಒಪ್ಪುತ್ತೇನೆ. 2025ರಲ್ಲಿ ಮೆಲೊಡಿ ಅವರ ‘ಎಸಾ ದಿವಾ’ 24ನೆಯದಾಯಿತು. ಅವರ ಕಂಠ ಬಲವಾಗಿತ್ತು, ಹಾಡು ಮಾತ್ರ ಅಂಥ ಹತ್ತು ಹಾಡುಗಳ ನಡುವೆ ಕರಗಿಹೋಗುವಂತಿತ್ತು.

ನೀವು ಉಲ್ಲೇಖಿಸಿದ 1969ರ ಗೆಲುವಿನ ಬಗ್ಗೆಯೂ ಒಂದು ಮಾತು. ಆ ವರ್ಷ ಮ್ಯಾಡ್ರಿಡ್‌ನಲ್ಲಿ ಸಲೋಮೆ ಹಾಡಿದ ‘ವಿವೊ ಕಂತಾಂದೊ’ ಒಂಟಿಯಾಗಿ ಗೆಲ್ಲಲಿಲ್ಲ. ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್, ಫ್ರಾನ್ಸ್ ನಾಲ್ಕೂ ತಲಾ 18 ಅಂಕ ಗಳಿಸಿ, ಸಮಬಲ ಮುರಿಯುವ ನಿಯಮವೇ ಇಲ್ಲದ್ದರಿಂದ ನಾಲ್ಕೂ ವಿಜೇತರೆನಿಸಿದವು. ಸ್ಪೇನ್ ಒಂಟಿಯಾಗಿ ಗೆದ್ದದ್ದು 1968ರಲ್ಲಿ ಲಂಡನ್ನಿನಲ್ಲಿ, ಮಾಸಿಯೆಲ್ ಹಾಡಿದ ‘ಲಾ ಲಾ ಲಾ’ದಿಂದ, ಬ್ರಿಟನ್ನಿನ ಕ್ಲಿಫ್ ರಿಚರ್ಡ್ ಅವರ ಹಾಡಿಗಿಂತ ಒಂದೇ ಅಂಕ ಹೆಚ್ಚು, 28ಕ್ಕೆ 29. ಭಾಷೆಯ ಪ್ರಶ್ನೆ ಕೇಳಿದ ನಿಮಗೆ ಆ ಹಾಡಿನ ಹಿನ್ನೆಲೆ ತಿಳಿದಿರಬೇಕು. ಅದನ್ನು ಹಾಡಬೇಕಾಗಿದ್ದವರು ಬಾರ್ಸಿಲೋನಾದ ಜೊವಾನ್ ಮನುವೆಲ್ ಸೆರಾತ್. ತಮ್ಮ ತಾಯ್ನುಡಿಯಾದ ಕತಲಾನಿನಲ್ಲಿಯೇ ಹಾಡುತ್ತೇನೆಂದು ಅವರು ಪಟ್ಟು ಹಿಡಿದರು. ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯ ದೂರದರ್ಶನ ಒಪ್ಪಲಿಲ್ಲ, ಕೊನೆಯ ಗಳಿಗೆಯಲ್ಲಿ ಮಾಸಿಯೆಲ್ ಬಂದರು. ನೂರಕ್ಕೂ ಹೆಚ್ಚು ಸಲ ‘ಲಾ’ ಎಂಬ ಅರ್ಥವಿಲ್ಲದ ಉಲಿಯನ್ನೇ ಹೊತ್ತ ಹಾಡನ್ನು ಯಾವ ಭಾಷೆಯಲ್ಲಿ ಹಾಡಬೇಕೆಂಬುದು ಒಂದು ಸರ್ಕಾರಕ್ಕೆ ಅಷ್ಟು ದೊಡ್ಡ ವಿಷಯವಾಗಿತ್ತು. ಆ ನೆರಳು ಪೂರ್ತಿ ಸರಿದಿಲ್ಲ: 2022ರ ರಾಷ್ಟ್ರೀಯ ಆಯ್ಕೆಯಲ್ಲಿ ವಾಯವ್ಯ ಸ್ಪೇನಿನ ಗಲಿಸಿಯನ್ ಭಾಷೆಯ ಹಾಡಿನೊಂದಿಗೆ ಬಂದ ತನ್ಶುಗೇರಾಸ್ ತಂಡ ಸಾರ್ವಜನಿಕರ ಮತದಲ್ಲಿ ಬಹಳ ಮುಂದಿತ್ತು, ಆದರೆ ತೀರ್ಪುಗಾರರ ಅಂಕಗಳ ಬಲದಿಂದ ಚನೆಲ್ ಆಯ್ಕೆಯಾದರು. ಆ ಕೋಪವನ್ನು ಜನ ಕಲಾವಿದೆಯ ಮೇಲೆ ತೀರಿಸಿಕೊಂಡದ್ದು, ಅವರು ಟ್ವಿಟರ್ ತೊರೆಯುವಷ್ಟು ನಿಂದಿಸಿದ್ದು ಅನ್ಯಾಯ.

1999ರಲ್ಲಿ ಭಾಷೆಯ ನಿರ್ಬಂಧ ತೆಗೆದದ್ದರಿಂದ ಸ್ಪೇನಿಗೆ ನಷ್ಟವಾಯಿತೆಂದು ಕೆಲವರು ವಾದಿಸುತ್ತಾರೆ. ಅದಕ್ಕೆ ಮುಂಚೆ ಬಹುಕಾಲ ಪ್ರತಿ ದೇಶವೂ ತನ್ನ ಭಾಷೆಯಲ್ಲಿಯೇ ಹಾಡಬೇಕಿತ್ತು. ಆ ಕಾಲದಲ್ಲಿ ಸ್ಪೇನ್ 1971, 1979, 1995ರಲ್ಲಿ ಎರಡನೆಯ ಸ್ಥಾನ ಪಡೆದಿತ್ತು. ವಾದದಲ್ಲಿ ಹುರುಳಿದೆ, ಆದರೆ ಇಟಲಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಅದು ಸಡಿಲವಾಗುತ್ತದೆ. ಎರಡೂ ದೇಶಗಳು ಸೆಮಿಫೈನಲ್ ಇಲ್ಲದೆ ನೇರವಾಗಿ ಅಂತಿಮ ಸುತ್ತಿಗೆ ಬರುತ್ತವೆ, ಎರಡೂ ಹೆಚ್ಚಾಗಿ ತಮ್ಮ ಭಾಷೆಯಲ್ಲಿ ಹಾಡುತ್ತವೆ. ಆದರೂ 2011ರಲ್ಲಿ ಮರಳಿ ಬಂದ ಇಟಲಿ ಒಮ್ಮೆ ಗೆದ್ದಿದೆ, ಎರಡು ಸಲ ಎರಡನೆಯದಾಗಿದೆ. ವ್ಯತ್ಯಾಸವಿರುವುದು ಆಯ್ಕೆಯಲ್ಲಿ. 1951ರಿಂದ ನಡೆಯುತ್ತಿರುವ ಸಾನ್ ರೆಮೊ ಉತ್ಸವದಲ್ಲಿ ಇಟಲಿಯ ಮುಂಚೂಣಿ ಗಾಯಕರು ತಮ್ಮ ದೇಶದ ಕೇಳುಗರಿಗಾಗಿ ಹಾಡುತ್ತಾರೆ. ಯೂರೋವಿಷನ್ ಅವರಿಗೆ ಆಮೇಲಿನ ಮಾತು. ಸ್ಪೇನ್ ಒಂದು ವರ್ಷ ರಿಯಾಲಿಟಿ ಕಾರ್ಯಕ್ರಮದಿಂದ, ಇನ್ನೊಂದು ವರ್ಷ ಅಂತರ್ಜಾಲದ ಮತದಿಂದ, ಮತ್ತೊಂದು ವರ್ಷ ಅಧಿಕಾರಿಗಳ ತೀರ್ಮಾನದಿಂದ ಹಾಡು ಆರಿಸುತ್ತ ಎರಡು ದಶಕ ಕಳೆಯಿತು. 2022ರಲ್ಲಿ ಬೆನಿಡಾರ್ಮ್ ಊರಿನಲ್ಲಿ ಆರಂಭವಾದ ಆಯ್ಕೆಯ ಉತ್ಸವ, ಬೆನಿಡಾರ್ಮ್ ಫೆಸ್ಟ್, ಅದಕ್ಕೆ ಸರಿಯಾದ ಉತ್ತರವೆಂದು ನಾನು ಭಾವಿಸುತ್ತೇನೆ. ಆ ಊರಿಗೆ ಹಾಡಿನ ಸ್ಪರ್ಧೆಯ ಹಳೆಯ ನಂಟಿದೆ: 1968ರಲ್ಲಿ ಅಲ್ಲಿ ಗೆದ್ದ ಹುಲಿಯೊ ಇಗ್ಲೇಸಿಯಸ್ ಎರಡು ವರ್ಷಗಳ ನಂತರ ಯೂರೋವಿಷನ್ನಿನಲ್ಲಿ ನಾಲ್ಕನೆಯವರಾಗಿ, ಮುಂದೆ ಜಗತ್ತಿಗೇ ಪರಿಚಿತರಾದರು.

ಸದ್ಯಕ್ಕೆ ಗೆಲುವಿನ ಮಾತು ದೂರವೇ ಇದೆ, ಏಕೆಂದರೆ ಇಸ್ರೇಲಿನ ಭಾಗವಹಿಸುವಿಕೆಯನ್ನು ವಿರೋಧಿಸಿ ಸ್ಪೇನಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2026ರ ವಿಯೆನ್ನಾ ಸ್ಪರ್ಧೆಯಿಂದ ಹಿಂದೆ ಸರಿಯಲು ನಿರ್ಧರಿಸಿತು. 1961ರಲ್ಲಿ ಮೊದಲ ಸಲ ಬಂದ ಮೇಲೆ ಆ ದೇಶ ಒಂದು ವರ್ಷವೂ ತಪ್ಪಿಸಿಕೊಂಡಿರಲಿಲ್ಲ. ನಿಮ್ಮ ಕಲಿಕೆಗೆ ಹಳೆಯ ಹಾಡುಗಳೇ ಧಾರಾಳವಾಗಿವೆ. ಉಚ್ಚಾರಣೆ ಸ್ಪಷ್ಟವಾಗಿರುವ ‘ಎರೆಸ್ ತೂ’ವಿನಿಂದ ತೊಡಗಿ. 2012ರಲ್ಲಿ ಪಾಸ್ತೋರಾ ಸೊಲೆರ್ ಹಾಡಿದ, ಹತ್ತನೆಯ ಸ್ಥಾನ ಪಡೆದ ‘ಕೆದಾತೆ ಕೊನ್ಮಿಗೊ’ ಅದರ ನಂತರ ಕೇಳಬೇಕಾದದ್ದು. ಆ ವರ್ಷ ಗೆದ್ದ ಸ್ವೀಡನ್ನಿನ ಹಾಡಿನ ರಚನೆಕಾರರಲ್ಲಿ ಒಬ್ಬರಾದ ತಾಮಸ್ ಜಿಸನ್ ಇದರ ರಚನೆಯಲ್ಲಿಯೂ ಕೈಜೋಡಿಸಿದ್ದರು. ರೆಮೆದಿಯೋಸ್ ಅಮಾಯಾ ಅವರ 1983ರ ಹಾಡನ್ನು ಕೊನೆಗಿಟ್ಟುಕೊಳ್ಳಿ. ಆಂಡಲೂಸಿಯಾದವರು ಪದದ ಕೊನೆಯ ‘ಸ್’ ನುಂಗಿಬಿಡುತ್ತಾರಾದ್ದರಿಂದ ಸಾಹಿತ್ಯವನ್ನು ಎದುರಿಗಿಟ್ಟುಕೊಂಡೇ ಅದನ್ನು ಕೇಳಬೇಕಾಗುತ್ತದೆ.